ದುಂಡು ಸೀಲು

೧೨-೩-೧೯೭೯, ಸೋಮವಾರ
ಇವತ್ತೂ ಹದಿನೆಂಟು ಅರ್ಜಿ ತಿರಸ್ಕಾರ. ಒತ್ತಿದ್ದೇ ಒತ್ತಿದ್ದು, ಬೆರಳೆಲ್ಲ ನೇರಳೆ. ಸೀಲು ನಾನೇ ಕೊರೆದದ್ದು—ಹಳೇ ಹವಾಯಿ ಚಪ್ಪಲಿಯಲ್ಲಿ, ಪಾಲಿಶ್ ಡಬ್ಬಿಯ ಮುಚ್ಚಳವಿಟ್ಟು ದುಂಡಗೆ ಗೆರೆ ಎಳೆದು. 'ದಾಖಲೆ ಸಾಲದು. ಅರ್ಜಿ ತಿರಸ್ಕರಿಸಿದೆ.' ಮೊದಲು ಇಲ್ಲ ಎನ್ನಲು ಅರ್ಧ ಪುಟ ಕಾರಣ ಬರೆಯಬೇಕಿತ್ತು. ಹೆಡ್ ಕ್ಲಾರ್ಕ್ ಬೆನಕಪ್ಪನವರು ಬೆನ್ನು ತಟ್ಟಿದರು. "ಭೇಷ್ ಪಾಪಣ್ಣ! ನಾಲ್ಕಕ್ಕೇ ಟೇಬಲ್ ಖಾಲಿ ಆಗೈತಲ್ಲ!" ಹೊನ್ನಾಳಿ, ಜಗಳೂರಿನ ತಾಲ್ಲೂಕು ಕಚೇರಿಯ ಸ್ನೇಹಿತರೂ ಇಂಥದೇ ಒಂದೊಂದು ಕೇಳಿದ್ದಾರೆ. ಹೆಂಡತಿಯ ಮುಂದೆ ಬೀಗಿದೆ.

೧೫-೩, ಮಧ್ಯಾಹ್ನ
ತ್ಯಾವಣಿಗೆಯ ಗಾದ್ರಮ್ಮ ಬಂದಿದ್ದಳು. ಮನೆ ಸೈಟಿಗೆ ಅರ್ಜಿ ಹಾಕಿದ್ದ ವಿಧವೆ. ಒಂದು ಕೈಯಲ್ಲಿ ನಾವು ಕಳಿಸಿದ್ದ ತಿರಸ್ಕಾರದ ಕಾಗದ, ಇನ್ನೊಂದರಲ್ಲಿ ತಂಬಿಟ್ಟಿನ ಗಂಟು.
"ದುಂಡಗೆ ಸರ್ಕಾರಿ ಸೀಲು ಬಿದ್ದೈತೆ ನೋಡ್ರಿ ಸಾಮಿ. ಸೈಟು ಕೊಟ್ರು! ಮೊದ್ಲು ನೀವು ಬಾಯಿ ಸಿಹಿ ಮಾಡ್ಕೊಳ್ರಿ."
ಓದು ಬಾರದು. ಸೀಲು ಬಿತ್ತೆಂದರೆ ಮಂಜೂರು, ಊರವರಿಗೆಲ್ಲ ಅಷ್ಟೇ ಗೊತ್ತು. ಆಗಲೇ ಬಾಯಿ ಬಿಡಬೇಕಿತ್ತು. ಸುತ್ತ ಜನ, ಬೆನಕಪ್ಪನವರ ಮುಸಿಮುಸಿ ನಗು... ತಿಂದೆ. ಎರಡು ತಿಂದೆ. ಥೂ ನನ್ನ!

೨೦-೩
ಆಕೆಯ ಫೈಲು ತೆಗೆದೆ. ದಾಖಲೆಯೆಲ್ಲ ಇತ್ತು! ಗಂಡನ ಮರಣಪತ್ರ ಕೂಡ. ಅರ್ಜಿಯ ಹಿಂದೆ ಪಿನ್ನು ಹಾಕಿ ಇಟ್ಟಿದ್ದಾಳೆ. ನಾನು ಹಾಳೆಯನ್ನೇ ತಿರುವಿರಲಿಲ್ಲ. ಕಾರಣ ಬರೆಯಬೇಕಿದ್ದರೆ ತಿರುವುತ್ತಿದ್ದೆ.
ತಕರಾರು ಹಾಕಲು ಸೀಲು ಬಿದ್ದ ೧೨ನೇ ತಾರೀಖಿನಿಂದ ಒಂದು ತಿಂಗಳ ಅವಕಾಶ. ಆಮೇಲೆ ಆಕೆ ಕೇಳಿದ್ದ ಸೈಟು ಬೇರೆಯವರಿಗೆ. ನಾಳೆ ಹೋಗಿ ಹೇಳುತ್ತೇನೆ. ಆದರೆ ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ... ನೋಡೋಣ.

೧೯-೪
ಅವಧಿ ಮುಗಿದು ವಾರವಾಯಿತು. ಹೋಗಲಿಲ್ಲ. ಒಂದು ದಿನ ಜ್ವರ ಅಂದುಕೊಂಡೆ, ಒಂದು ದಿನ ಬಸ್ಸಿಲ್ಲ ಅಂದುಕೊಂಡೆ. ಎಲ್ಲ ಸುಳ್ಳು. ಇವತ್ತು ಆ ಸೈಟು ಬೇರೆಯವರ ಹೆಸರಿಗೆ ಹೋಯಿತು. ಆದೇಶ ಟೈಪು ಮಾಡಿದವನೂ ನಾನೇ.

೨೨-೪, ಭಾನುವಾರ
ತ್ಯಾವಣಿಗೆಗೆ ಹೋದೆ. ಸೈಟಿನಲ್ಲಿ ಮೊಣಕಾಲೆತ್ತರಕ್ಕೆ ಮಣ್ಣಿನ ಗೋಡೆ. ಗಾದ್ರಮ್ಮ ಕೆಸರುಗೈಯಲ್ಲೇ ಓಡಿಬಂದಳು.
"ಬರ್ರಿ ಸಾಮಿ, ಒಳಾಕೆ ಬರ್ರಿ. ಇಲ್ಲಿ ಒಲೆ ಹಾಕಾಕೆ ಜಾಗ ಬಿಟ್ಟೀನಿ."
ಆ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿದ್ದಾಳೆ. ಮೇಲೆ ಕುಂಕುಮ ಬೇರೆ. ಹೇಳಿಬಿಟ್ಟೆ.
"ಗಾದ್ರಮ್ಮ, ಅದು ಸೈಟು ಕೊಡಾಕಿಲ್ಲ ಅನ್ನೋ ಸೀಲು ಕಣಮ್ಮ."
ನಂಬಲಿಲ್ಲ. ಸೆರಗಿನಿಂದ ಗಾಜು ಒರೆಸಿ ನನ್ನ ಮುಖದ ಮುಂದೆ ಹಿಡಿದಳು.
"ಸರಿಯಾಗಿ ನೋಡ್ರಿ. ಇಲ್ಲ ಅನ್ನಾಕೆ ಇಷ್ಟು ಚಂದ ಯಾರಾದ್ರೂ ಮಾಡ್ತಾರೇನ್ರಿ? ಯಾರು ಮಾಡಿದ್ದು ಇದನ್ನ?"
ನೇರಳೆ ಹತ್ತಿದ ಬೆರಳು ಮುಂದೆ ಚಾಚಿದೆ. "ನಾನೇ ಕಣಮ್ಮ."