ಬಿಳಿ ಪೇಂಟಿನ ತಾರೀಕು

ಜನವರಿ 9, ಬೆಳಿಗ್ಗೆ

ಹನ್ನೊಂದು ಬ್ಯಾಟರಿ ಉಜ್ಜಿದೆ. ಟರ್ಮಿನಲ್ ಮೇಲೆಲ್ಲ ಹಸಿರು ಬೂಷ್ಟು. ಬಿಸಿನೀರು, ಸೋಡಾಪುಡಿ, ಹಳೆ ಹಲ್ಲುಜ್ಜುವ ಬ್ರಷ್. ಮೂಲೆಯದು ಚಾರ್ಜಿನಲ್ಲಿ ಕುದ್ದು ಕುದ್ದು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಚಿಕ್ಕಪ್ಪ ಅದರ ಪಕ್ಕದಲ್ಲೇ ಕೂತು ತಿಂಡಿ ತಿಂದರು. ಕೈ ತೊಳೆಯದೆ. ಆಮೇಲೆ ಫ್ಯೂಸ್ ತಂತಿಯಲ್ಲಿ ಹಲ್ಲು ಕುಕ್ಕಿಕೊಂಡು ಅದೇ ತಂತಿಯನ್ನು ಡಬ್ಬಿಗೆ ವಾಪಸ್ ಹಾಕಿದರು.

ಥೂ.

ಉಜ್ಜಿದ ಮೇಲೆ ನನ್ನ ಅಸಲಿ ಕೆಲಸ. ಪ್ರತಿ ಬ್ಯಾಟರಿಯ ತಲೆಯ ಮೇಲೆ ಅದನ್ನು ಯಾವಾಗ ಕೊಂಡದ್ದು ಎಂದು ಬರೆದಿರುತ್ತದೆ. ಹಳೆ ತಾರೀಕನ್ನು ಥಿನ್ನರಿನಲ್ಲಿ ಒರೆಸುವುದು, ಒಣಗಿದ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಹೊಸದು ಬರೆಯುವುದು. ಬಸ್ ಗ್ಯಾರೇಜಿನಲ್ಲಿ ನಾಲ್ಕು ವರ್ಷ ದುಡಿದು ಸತ್ತದ್ದು ಎರಡು ತಿಂಗಳ ಕೂಸಾಗುತ್ತದೆ.

“ಏ ಮೂಗಿ, ಮುತ್ತು ಪೋಣಿಸಿದ ಹಾಗಿದೆ ಕಣೆ ನಿನ್ನ ಅಕ್ಷರ. ನಾಲ್ಕನೇ ಕ್ಲಾಸು ಓದಿಸಿದ್ದು ದಂಡ ಆಗ್ಲಿಲ್ಲ.”

ಮಾತು ಕಡಿಮೆ ಎಂದು ಚಿಕ್ಕಪ್ಪ ಇಟ್ಟ ಹೆಸರು ಮೂಗಿ.

ಜನವರಿ 12, ಮಧ್ಯಾಹ್ನ

ಚಂದ್ರ ಇಲ್ಲದ ವಾರ. ನಕ್ಷತ್ರದ ಫೋಟೋ ತೆಗೆಯುವವರು ಬರತೊಡಗಿದ್ದಾರೆ. ಗುಡ್ಡದ ಮೇಲೆ ಒಂದು ದೀಪ ಇಲ್ಲ, ಅದಕ್ಕೇ ಬರುತ್ತಾರೆ. ಕರೆಂಟೂ ಇಲ್ಲ, ಅದಕ್ಕೇ ನಮ್ಮ ಅಂಗಡಿಗೆ ಬರುತ್ತಾರೆ. ಕ್ಯಾಮೆರಾ, ನಕ್ಷತ್ರದ ಹಿಂದೆಯೇ ನಿಧಾನ ತಿರುಗುವ ಮೋಟಾರು, ಲೆನ್ಸಿನ ಮೇಲೆ ಇಬ್ಬನಿ ಕೂರದಂತೆ ಸುತ್ತುವ ಹೀಟರ್ ಪಟ್ಟಿ. ಎಲ್ಲಕ್ಕೂ ರಾತ್ರಿಯಿಡೀ ಬಾಡಿಗೆ ಬ್ಯಾಟರಿ ಬೇಕು.

ಚಿಕ್ಕಪ್ಪನ ಉಪಾಯ ಸುಲಭ. ಚಾರ್ಜರಿನಿಂದ ಆಗಷ್ಟೇ ಬಿಚ್ಚಿದ ಬ್ಯಾಟರಿಗೆ ಮೀಟರ್ ಹಿಡಿಯುತ್ತಾರೆ. ಹದಿಮೂರು ವೋಲ್ಟ್ ತೋರಿಸುತ್ತದೆ. ಸತ್ತದ್ದೂ ತೋರಿಸುತ್ತದೆ. ಎರಡು ಗಂಟೆ ಸುಮ್ಮನೆ ಇಟ್ಟು ನೋಡಿದರೆ ಬಣ್ಣ ಬಯಲು. ಇಡುವುದಿಲ್ಲ. “ನೋಡಿ ಸಾರ್, ಕಣ್ಣಾರೆ ನೋಡಿ” ಎನ್ನುತ್ತಾರೆ. ಬಂದವರು ನೋಡಿ, ನನ್ನ ತಾರೀಕು ಓದಿ, ಹೊತ್ತುಕೊಂಡು ಹೋಗುತ್ತಾರೆ.

ಇವತ್ತು ನರ್ಸಮ್ಮ ಬಂದರು. ಆಸ್ಪತ್ರೆ ಕೆಲಸ ಬಿಟ್ಟು ಮೂರು ವರ್ಷ, ಅಂದಿನಿಂದ ಬರುತ್ತಿದ್ದಾರೆ. ಬ್ಯಾಟರಿ ವಾಪಸ್ ಕೊಡುವಾಗ ಒರೆಸಿ, ವೈರು ಸುತ್ತಿ ಕೊಡುವವರು ಅವರೊಬ್ಬರೇ. ಮಿಕ್ಕವರದಕ್ಕೆ ಚೂಯಿಂಗ್ ಗಮ್ ಮೆತ್ತಿರುತ್ತದೆ.

“ಇದೇ ಕೊನೆ ಸಲ ಕಣಮ್ಮ,” ಎಂದರು. “ಮುಂದಿನ ತಿಂಗಳಿಂದ ಕೆಳಗಡೆ ಟೋಲ್ ಗೇಟಿನ ದೀಪ ಹಾಕ್ತಾರೆ. ಆಮೇಲೆ ಇಲ್ಲಿ ಆಕಾಶ ಬೆಳಕಿಗೆ ಬೆಳ್ಳಗಾಗುತ್ತೆ. ನನ್ನ ಮೋಡ ಕಾಣಲ್ಲ.”

ಮೂರು ವರ್ಷದಿಂದ ನಕ್ಷತ್ರಗಳ ನಡುವಿನ ಒಂದೇ ಒಂದು ಮಸುಕು ಮೋಡದ ಫೋಟೋ ತೆಗೆಯುತ್ತಿದ್ದಾರೆ. ಬೆಳಕು ಸಾಲದೆ ಒಂದರ ಮೇಲೊಂದು ಸೇರಿಸುತ್ತಾ ಹೋಗಬೇಕಂತೆ. ಇನ್ನು ಮೂರು ರಾತ್ರಿ ಸಿಕ್ಕರೆ ಮುಗಿಯುತ್ತದೆ. ಇವತ್ತು, ನಾಳೆ, ನಾಡಿದ್ದು.

ಚಿಕ್ಕಪ್ಪ ಅವರಿಗೆಂದು ಒಂದನ್ನು ಎತ್ತಿಟ್ಟಿದ್ದರು. ಹಳೆಯದೇ ಇರಬೇಕು. ಚಿಕ್ಕಪ್ಪ ರಸೀದಿ ಪುಸ್ತಕ ಹುಡುಕುವಾಗ ಅವಸರದಲ್ಲಿ ಬದಲಾಯಿಸಿಬಿಟ್ಟೆ. ತಾರೀಕು ಮಾತ್ರ ನೋಡಿ, ನವೆಂಬರ್ 20 ಎಂದು ಬರೆದದ್ದು ಇಟ್ಟೆ. ನವೆಂಬರಿನಲ್ಲಿ ನಿಜವಾಗಿ ಹೊಸವು ಎರಡು ಬಂದಿದ್ದವು, ಇದು ಅದರಲ್ಲೊಂದು ಎಂದುಕೊಂಡೆ.

ಯಾರೂ ನೋಡಲಿಲ್ಲ. ಬಾಯಿ ಬಿಡದೆ ಒಂದು ಒಳ್ಳೆಯ ಕೆಲಸ ಆಯಿತು.

ಜನವರಿ 13, ಮಧ್ಯಾಹ್ನ

ನರ್ಸಮ್ಮ ಬೆಳಿಗ್ಗೆ ಹತ್ತು ಗಂಟೆಗೇ ಇಳಿದು ಬಂದರು. ರಾತ್ರಿ ಒಂಬತ್ತೂವರೆಗೇ ಎಲ್ಲ ನಿಂತಿತಂತೆ. ಮೋಟಾರು ನಿಂತಿತು, ಹೀಟರ್ ಆರಿತು, ಲೆನ್ಸ್ ಅತ್ತ ಹಾಗೆ ಒದ್ದೆ.

ಚಿಕ್ಕಪ್ಪ ಕಣ್ಣು ಮಿಟುಕಿಸಲಿಲ್ಲ. “ಚಳಿ ನೆಲದ ಮೇಲೆ ಇಟ್ರಾ? ಅಯ್ಯೋ, ಹಲಗೆ ಹಾಕ್ಬೇಕಮ್ಮ. ವಯಸ್ಸಾದೋರು ಯಾಕೆ ಇವೆಲ್ಲ ಮೈಮೇಲೆ ಎಳ್ಕೋತೀರಿ?”

“ಹಲಗೆ ಹಾಕಿದ್ನಲ್ಲ... ಜರುಗಿತೋ ಏನೋ. ತಪ್ಪಾಯ್ತು, ಬೇಜಾರು ಮಾಡ್ಕೋಬೇಡಿ.”

ತಪ್ಪಾಯ್ತು ಎಂದರು. ಅವರು. ಇವರಿಗೆ.

ನಾನು ಪಕ್ಕದಲ್ಲೇ ವೈರು ಸುತ್ತುತ್ತಿದ್ದೆ. ಬ್ಯಾಟರಿ ನನ್ನ ಮುಂದೆಯೇ ಇಟ್ಟರು. ಹಿಡಿ ಮುರಿದಿತ್ತು, ನೀಲಿ ವೈರಿನಲ್ಲಿ ಕಟ್ಟಿತ್ತು. ಕಟ್ಟಿದ್ದು ನಾನೇ, ಬಸ್ ಗ್ಯಾರೇಜಿನಿಂದ ಗುಜರಿಯಲ್ಲಿ ಬಂದ ದಿನ. ನವೆಂಬರ್ 20 ಎಂದು ಬರೆದದ್ದೂ ನಾನೇ. ಊರಿಗೆಲ್ಲ ಹಾಕಿದ ಟೋಪಿಯನ್ನು ನಾನೇ ಹಾಕಿಕೊಂಡು ಬ್ಯಾಟರಿ ಆರಿಸಿದ್ದೆ.

ಚಿಕ್ಕಪ್ಪ ಇನ್ನೊಂದು ಬಿಸಿ ಬ್ಯಾಟರಿಗೆ ಮೀಟರ್ ಹಿಡಿದರು. ಹದಿಮೂರು. ನರ್ಸಮ್ಮ ನಕ್ಕು ಹೊತ್ತುಕೊಂಡು ಹೋದರು. ನಾನು ವೈರು ಸುತ್ತುತ್ತಲೇ ಇದ್ದೆ.

ಜನವರಿ 14, ಬೆಳಿಗ್ಗೆ 5

ಮಲಗಲಿಲ್ಲ. ಹಿಂದಿನ ಕೋಣೆಯಲ್ಲಿ ಉಳಿದ ಹತ್ತಕ್ಕೂ ಹಳೆ ಹೆಡ್‌ಲೈಟ್ ಬಲ್ಬು ಸಿಕ್ಕಿಸಿದೆ. ನರ್ಸಮ್ಮನ ಸಾಮಾನು ಹೆಚ್ಚುಕಡಿಮೆ ಅಷ್ಟೇ ಕರೆಂಟ್ ತಿನ್ನುತ್ತದೆ. ಅವರಿಗೆ ಬೇಕಾದದ್ದು ಹತ್ತು ಗಂಟೆ.

ಒಂದು ಬ್ಯಾಟರಿ ನಲವತ್ತು ನಿಮಿಷ ಉರಿಸಿತು. ಎರಡು ಬ್ಯಾಟರಿ ಒಂದೊಂದು ಗಂಟೆ. ನಾಲ್ಕು ಬ್ಯಾಟರಿ ಎರಡು ಗಂಟೆಯನ್ನೂ ಮುಟ್ಟಲಿಲ್ಲ. ಇನ್ನೆರಡು ಮೂರು ಗಂಟೆಯ ಹತ್ತಿರ. ಒಂದೇ ಒಂದು ಐದು ಗಂಟೆ ಉರಿಯಿತು. ಮೊನ್ನೆ ಚಿಕ್ಕಪ್ಪ ಎತ್ತಿಟ್ಟಿದ್ದದ್ದು. ನಾನು ಆರಿಸಿ ಕೊಟ್ಟದ್ದಕ್ಕಿಂತ ಅವರ ಮೋಸವೇ ವಾಸಿ ಇತ್ತು.

ನಿಜವಾದ ಹೊಸ ಎರಡು ಇಲ್ಲೆಲ್ಲೂ ಇಲ್ಲ.

ನಾಲ್ಕು ಗಂಟೆಗೆ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು. ಆರಿದ ಬಲ್ಬುಗಳನ್ನು ನೋಡಿದರು, ನನ್ನ ಚೀಟಿ ನೋಡಿದರು.

“ಏನೇ ಇದು?”

“ಅವರ ಫೋಟೋ ಹೋಯ್ತು ಚಿಕ್ಕಮ್ಮ.”

“ಹೋದ್ರೆ ಹೋಗ್ಲಿ. ಮೋಡದ ಫೋಟೋ ಇಲ್ದೇ ಇದ್ರೆ ಮಳೆ ನಿಲ್ಲುತ್ತಾ? ಉಂಡ ಮನೆಗೆ ಎರಡು ಬಗೀಬೇಡ.” ಹೋಗುತ್ತಾ ತಿರುಗಿದರು. “ಬಲ್ಬು ಸುಡ್ತಿರುತ್ತೆ, ಬರಿಗೈಲಿ ಮುಟ್ಟೀಯ.”

ಅದೇ ದಿನ, ಮಧ್ಯಾಹ್ನ 3

ಹೇಳಿದೆ.

ಚಿಕ್ಕಪ್ಪ ಗ್ಯಾರೇಜಿಗೆ ಹೋಗಿದ್ದರು, ಇನ್ನಷ್ಟು ಗುಜರಿ ತರಲು. ನರ್ಸಮ್ಮ ಬಂದರು. ಎರಡನೇ ರಾತ್ರಿಯೂ ಹೋಗಿತ್ತು. ಕಣ್ಣು ಕೆಂಪಗೆ, ಕೈಯಲ್ಲಿ ಒಂದು ಹಲಗೆ. “ಈ ಸಲ ಎರಡು ಹಲಗೆ ಹಾಕಿದ್ದೆ,” ಎನ್ನುತ್ತಾ ತೋರಿಸಲು ಬಂದರು. ಆ ಹಲಗೆ ನೋಡಿ ತಡೆಯಲಾಗಲಿಲ್ಲ.

“ತಪ್ಪು ಹಲಗೇದಲ್ಲ. ಬ್ಯಾಟರಿ ಸತ್ತಿವೆ. ಎಲ್ಲಾನೂ. ತಾರೀಕು ಸುಳ್ಳು. ಬರೆದಿದ್ದು ನಾನು.”

ನರ್ಸಮ್ಮ ಹಲಗೆಯನ್ನು ಕೆಳಗಿಟ್ಟರು. ಆಮೇಲೆ: “ನಿನ್ನೆ ನಾನು ತಪ್ಪಾಯ್ತು ಅಂತಿದ್ದಾಗ ನೀನು ಇಲ್ಲೇ ನಿಂತಿದ್ದೆ.”

“ಹೂಂ.”

“ಮೂರು ವರ್ಷದಿಂದ ನಾನು ನಿನ್ನ ಅಕ್ಷರ ನೋಡಿ ತಗೊಂಡು ಹೋಗ್ತಿದ್ದೆ.”

ಅಳು ಬಂತು. ನರ್ಸಮ್ಮ ಸಮಾಧಾನ ಮಾಡಲಿಲ್ಲ.

“ಸಾಕು. ನಿನ್ನ ಕಣ್ಣೀರು ನಂಗೆ ಹನ್ನೆರಡು ವೋಲ್ಟ್ ಕೊಡಲ್ಲ. ಇವತ್ತು ರಾತ್ರಿಗೆ ಏನಾದ್ರೂ ಇದೆಯಾ, ಇಲ್ವಾ?”

ಆಗ ಹೊಳೆಯಿತು, ಆ ಎರಡು ಹೊಸವು ಎಲ್ಲಿರಬಹುದು ಎಂದು. ಮನೆಯ ಮೆಟ್ಟಿಲ ಕೆಳಗೆ, ಇನ್ವರ್ಟರಿನ ಪೆಟ್ಟಿಗೆಯಲ್ಲಿ. ತೆಗೆದು ನೋಡಿದೆ. ಇದ್ದವು. ಮೈಮೇಲೆ ಇನ್ನೂ ಪ್ಲಾಸ್ಟಿಕ್ ಹಾಳೆ. ಚಿಕ್ಕಪ್ಪ ಊರಿಗೆ ಹೆಣ ಕೊಟ್ಟು, ಜೀವ ಇರುವುದನ್ನು ತನ್ನ ಫ್ಯಾನಿಗೆ ಇಟ್ಟುಕೊಂಡಿದ್ದಾರೆ! ಆ ಫ್ಯಾನಿನ ಕೆಳಗೆ ನಾನೂ ಮಲಗುತ್ತೇನೆ.

ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಬಿಚ್ಚಿದೆ. ಒಂದೊಂದೂ ಕಲ್ಲಿನ ಭಾರ. ನರ್ಸಮ್ಮ ಬೆಡ್‌ಶೀಟ್ ಹಾಸಿದರು. ಬ್ಯಾಟರಿಯನ್ನು ಅದರ ಮೇಲೆ ಸರಿಸಿ, ಇಬ್ಬರೂ ಎರಡು ತುದಿ ಹಿಡಿದೆವು.

“ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಗಿಸು. ಪೇಷಂಟ್ ಎತ್ತಿಲ್ವಾ ಯಾವತ್ತೂ?”

ಚಿಕ್ಕಮ್ಮ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ತೊಳೆಯುತ್ತಿದ್ದರು. ಹೊರಗೆ ಬರಲಿಲ್ಲ.

ಕಾರಿಗೆ ಹಾಕಿದ ಮೇಲೆ ಹೇಳಿದೆ, “ಎರಡು ಗಂಟೆ ಬಿಟ್ಟು ಮೀಟರ್ ಇಡಿ. ಈಗಲೇ ಇಟ್ರೆ ನಂಬಬೇಡಿ. ನನ್ನೂ ನಂಬಬೇಡಿ.”

“ನಂಬಿಲ್ಲ,” ಎಂದರು. ಡಿಕ್ಕಿ ಮುಚ್ಚಿದರು. “ನಾಳೆ ಹತ್ತಕ್ಕೆ ವಾಪಸ್ ತರ್ತೀನಿ. ನಿನ್ನ ಚಿಕ್ಕಪ್ಪನ ಕೈಗೇ ಕೊಡ್ತೀನಿ.”

ಅದೇ ದಿನ, ಸಂಜೆ 7.20

ಕರೆಂಟ್ ಹೋಯಿತು. ಟಾರ್ಚಿನಲ್ಲಿ ಬರೆಯುತ್ತಿದ್ದೇನೆ.

ಎಂದಿನಂತೆ ಎರಡು ಕ್ಷಣ ಬಿಟ್ಟು ಬರಬೇಕಾದ ದೀಪ ಬರಲಿಲ್ಲ. ಫ್ಯಾನ್ ಸುತ್ತಿ ಸುತ್ತಿ ನಿಂತಿತು. ಗ್ಯಾರೇಜಿನಿಂದ ಬಂದಿದ್ದ ಚಿಕ್ಕಪ್ಪ ಕೂಗಿದರು.

“ಏನಾಯ್ತೇ ಈ ಇನ್ವರ್ಟರಿಗೆ? ಹೊಸ ಬ್ಯಾಟರಿ ಕಣೇ ಅದು!”

ಚಿಕ್ಕಮ್ಮನ ದನಿ, ಕತ್ತಲೆಯಿಂದ: “ನಂಗೇನ್ ಗೊತ್ತು. ನಾನು ಪಾತ್ರೆ ತೊಳೀತಿದ್ದೆ.”

ಕಿಟಕಿಯಲ್ಲಿ ಗುಡ್ಡ ಪೂರ್ತಿ ಕಪ್ಪು. ನರ್ಸಮ್ಮ ಈಗ ಹೀಟರ್ ಹಾಕಿರುತ್ತಾರೆ. ಹತ್ತು ಗಂಟೆ ಎಂದರೆ ಬೆಳಗಿನ ಐದರವರೆಗೆ.

ಮೆಟ್ಟಿಲ ಕೆಳಗೆ ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು. ಈಗ ಚಿಕ್ಕಪ್ಪ ನನ್ನ ಹೆಸರು ಕರೆಯುತ್ತಿದ್ದಾರೆ. ಮೂಗಿ ಎಂದಲ್ಲ, ನಿಜವಾದ ಹೆಸರು. ಚಪ್ಪಲಿ ಸದ್ದು ಈ ಕಡೆಗೇ ಬರುತ್ತಿದೆ. ಟಾರ್ಚ್ ಆರಿಸುವುದಿಲ್ಲ. ಬಾಗಿಲು ತೆಗೆದು, ಅವರು ಕೇಳುವುದಕ್ಕೆ ಮೊದಲೇ, ಬಿಚ್ಚಿದ್ದು ನಾನು ಎಂದು ಹೇಳುತ್ತೇನೆ.