ಬಗೀ ಹಿಡಿದ ಜಾಗ

ನೃಪೇನ್,

ಮೊಟ್ಟೆ ಕಣೋ, ಮೊಟ್ಟೆ! ನಮ್ಮ ಹೆಬ್ಬಾತು ಬಗೀ ಕೊನೆಗೂ ಕಾವಿಗೆ ಕೂತಳು! ಆದರೆ ನೀನು ಅವಳಿಗೆಂದು ಬಿದಿರು ಹೆಣೆದು ಕಟ್ಟಿದ ಮನೆಯಲ್ಲಲ್ಲ. ನೂಲು ಮುಗಿದು ನಾನು ಒಂದಷ್ಟು ದಿನ ಮಗ್ಗದ ಚಪ್ಪರದ ಕಡೆ ಹೋಗದಿದ್ದದ್ದೇ ತಡ, ಮಗ್ಗದ ಕೆಳಗೆ ನಾನು ಕಾಲಿಡುವ ಜಾಗದಲ್ಲೇ ಹುಲ್ಲು ಗುಡ್ಡೆ ಹಾಕಿ, ಎದೆಯ ತುಪ್ಪಳ ಕಿತ್ತು ಹಾಸಿಕೊಂಡಿದ್ದಾಳೆ ಮಹಾರಾಣಿ.

ಅವಳನ್ನು ಎತ್ತಿ ಆ ಬಿದಿರು ಮನೆಗೆ ಸಾಗಿಸೋಕೆ ಹೋಗಬೇಡ. ಹೋದ ವರ್ಷ ನೀನು ಹಾಗೆ ಮಾಡಿದ್ದಕ್ಕೇ ಗೂಡು ಬಿಟ್ಟು ಎದ್ದಳು, ಒಂದೂ ಮರಿಯಾಗಲಿಲ್ಲ.

ತೌಡು, ನೀರು ದೂರದಲ್ಲೇ ಇಟ್ಟು ಬಾ. ಗಂಡು ಹೆಬ್ಬಾತು ಪಕ್ಕದಲ್ಲೇ ಕಾವಲು ನಿಂತಿದ್ದಾನೆ, ಆಗಲೇ ನನ್ನ ಕಾಲು ಕಚ್ಚಿದ್ದಾನೆ.

ನರಿ ನುಗ್ಗದಂತೆ ಚಪ್ಪರದ ಸುತ್ತ ತಟ್ಟಿ ಕಟ್ಟು. ಸುತ್ತಿಗೆ ಬಡಿಯಬೇಡ, ಹಗ್ಗದಲ್ಲಿ ಬಿಗಿ. ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಬೇಡ ಮಾರಾಯಾ!

ನಾನು ಸಂತೆಗೆ ಹೊರಟೆ, ಕೆಂಪು ನೂಲು ತರೋಕೆ. ಬಿಹು ಹಬ್ಬಕ್ಕೆ ನನಗೆ ಕೊಡುವ ಗಮೋಸಾ ವಸ್ತ್ರ ಇನ್ನೆಲ್ಲಿ ನೇಯ್ತೀಯಕ್ಕಾ ಅಂತೀಯಾ? ಹೆಬ್ಬಾತಿಗೆ ಯಾರಾದರೂ ಆಳೆತ್ತರದ ಮನೆ ಕಟ್ತಾರೇನೋ ಅಂತ ಊರೆಲ್ಲ ಹೇಳಿಕೊಂಡು ನಕ್ಕಿದ್ದೆನಲ್ಲ, ಆ ಮಾತು ವಾಪಸ್ ತಗೊಂಡೆ. ನಾನು ಬರುವಷ್ಟರಲ್ಲಿ ಆ ಮನೆಯೊಳಗೆ ನನಗೆ ಇನ್ನೊಂದು ಮಗ್ಗಕ್ಕೆ ಕಂಬ ನೆಟ್ಟಿರು.

ಅಕ್ಕ