ಹೊರದೇಶದ ರೆಕಾರ್ಡು, ಮಾಮನ ಕಿವಿ

ಮಾರ್ಚ್ ೪, ಮಂಗಳವಾರ

ಬೆಳಗ್ಗೆಯಿಂದ ಬರೀ ಕಿವಿ. ಬೂತಿನಲ್ಲಿ ಕೂರಿಸು, ಹೆಡ್‌ಫೋನ್ ಹಾಕು, ಬೀಪ್ ಕೇಳಿದರೆ ಬಟನ್ ಒತ್ತಿ ಅನ್ನು. ಒಬ್ಬ ಅಜ್ಜಿ ಕೇಳಿಸದಿದ್ದರೂ ಒತ್ತಿದರು — ಫೇಲಾದರೆ ಸೊಸೆ ನಗುತ್ತಾಳಂತೆ.

ಊಟಕ್ಕೆ ಏಳುವ ಹೊತ್ತಿಗೆ ತಮ್ಮ ಮಗನ ಜೊತೆ ವಯಸ್ಸಾದವರೊಬ್ಬರು ಬಂದರು. ಎದೆ ಜೇಬಲ್ಲಿ ಮಡಚಿಟ್ಟ ಮೆತ್ತನೆ ಬಟ್ಟೆ. ರೆಕಾರ್ಡಿನ ಧೂಳು ಒರೆಸುವ ಬಟ್ಟೆ. ರೆಕಾರ್ಡಂಗಡಿ ಮಾಮ! ಹೆಸರು ಹೇಳಿದೆ, ಕೇಳಿಸಲಿಲ್ಲ. ಕಿವಿ ಹತ್ತಿರ ಹೋಗಿ ಕೂಗಿದೆ.

"ಅಯ್ಯೋ, ಸೈಕಲ್ಲು!" ಅಂದರು. ಅಂಗಡಿ ಬಾಗಿಲಿಗೆ ಅಡ್ಡ ಸೈಕಲ್ ನಿಲ್ಲಿಸುತ್ತಿದ್ದವಳಿಗೆ ಅವರಿಟ್ಟ ಹೆಸರು.

ಟೆಸ್ಟ್ ಚೆನ್ನಾಗಿಲ್ಲ. ಏರು ಸ್ವರಗಳೆಲ್ಲ ಹೋಗಿಬಿಟ್ಟಿವೆ. ಹಿಯರಿಂಗ್ ಏಡ್ ಹಾಕಿ ಕಳಿಸಿದೆ.

ಅದೇ ದಿನ, ಸಂಜೆ

ಮನಸ್ಸು ಮಾಮನ ಅಂಗಡಿಯಲ್ಲೇ ಸುತ್ತುತ್ತಿದೆ. ಕಾಲೇಜಿನ ಮೊದಲ ವರ್ಷ. ರೇಡಿಯೋದಲ್ಲಿ ಬಂದದ್ದಷ್ಟೇ ಹಾಡು ಅಂದುಕೊಂಡಿದ್ದೆ. ಹಡಗಿನಲ್ಲಿ ಬಂದ ಪೆಟ್ಟಿಗೆ ಬಿಚ್ಚುತ್ತಾ ಮಾಮ, "ಇದನ್ನ ಯಾವ ನರಪಿಳ್ಳೆಯೂ ಕೊಳ್ಳಲ್ಲ. ನೀನಾದ್ರೂ ಕೇಳು" ಅಂತ ಹಾಕಿದರು. ನೀಲಿ ಕವರ್, ಮೇಲೆ ನೀರಿಲ್ಲದ ಈಜುಕೊಳದ ಚಿತ್ರ. ಪಕ್ಕದ ಮನೆಯಲ್ಲಿ ಮೊಳೆ ಹೊಡೆದ ಹಾಗೆ ಡ್ರಮ್ಮು. ಹಾಡುವವಳಿಗೆ ನೆಗಡಿ. ಒಂದಕ್ಷರ ಅರ್ಥವಾಗಲಿಲ್ಲ. ಆದರೂ ನನ್ನ ಗುಟ್ಟನ್ನೇ ಊರಿಗೆಲ್ಲ ಹೇಳುತ್ತಿದ್ದಾಳೆ ಅನ್ನಿಸಿ ಮೈ ಜುಮ್ಮೆಂದಿತು. ಆಮೇಲೆ ಶನಿವಾರ ಬಂತೆಂದರೆ ಅಲ್ಲೇ ಠಿಕಾಣಿ.

ಕೆಲಸ, ಮದುವೆ, ಮಕ್ಕಳು... "ಬರ್ತೀನಿ ಮಾಮ" ಅಂತ ಹೋದವಳು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ಇವತ್ತು ಮಾಮನ ಮಗ ಅಂದ: "ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಆ ನೀಲಿದೊಂದನ್ನ ಮಾತ್ರ ಯಾರು ಕೇಳಿದ್ರೂ ಕೊಟ್ಟಿಲ್ಲ. ನಿಮ್ಮದಂತೆ."

ಮಾರ್ಚ್ ೨೩, ಭಾನುವಾರ

ಮಾಮನ ಮನೆಗೆ ಹೋಗಿದ್ದೆ. ಗೋಡೆಯುದ್ದಕ್ಕೂ ರೆಕಾರ್ಡು. ನೀಲಿದನ್ನು ಒರೆಸಿ, ಮಗು ಮಲಗಿಸಿದ ಹಾಗೆ ಪ್ಲೇಯರ್ ಮೇಲಿಟ್ಟು ಹಾಕಿದರು. ನಾನು ಜೊತೆಗೇ ಗುನುಗತೊಡಗಿದೆ. ಅವರು ಮುಖ ಕಿವುಚಿದರು.

"ತಗಡು ಬಡಿದ ಹಾಗಿದೆಯಲ್ಲೇ! ಹಾಡೋಳೆಲ್ಲಿ?"

"ಈ ಏಡ್ ಮಾತಿಗೆ ಅಂತ ಹೊಂದಿಸಿದ್ದು ಮಾಮ. ಸಂಗೀತಕ್ಕೆ ಬೇರೆ ಸೆಟಿಂಗ್ ಇದೆ. ಕ್ಲಿನಿಕ್ಕಿಗೆ ಬನ್ನಿ, ಮಾಡಿಕೊಡ್ತೀನಿ."

ಹೊರಡುವಾಗ ರೆಕಾರ್ಡನ್ನು ಕೈಗಿಟ್ಟರು. ಬೇಡ ಅಂದೆ. "ಇಲ್ಲೇ ಇರಲಿ. ಸರಿಯಾದ ಮೇಲೆ ಒಟ್ಟಿಗೆ ಕೇಳೋಣ."

ಏಪ್ರಿಲ್ ೨, ಬುಧವಾರ

ಮಾಮನ ಮಗ ಫೋನ್ ಮಾಡಿದ್ದ, ಸೆಟಿಂಗಿಗೆ ಅಪ್ಪನ್ನ ಯಾವಾಗ ಕರೆತರಲಿ ಅಂತ. ಶಾಲೆಗಳಲ್ಲಿ ಕ್ಯಾಂಪ್, ಉಸಿರಾಡಲೂ ಪುರುಸೊತ್ತಿಲ್ಲ. ಮುಂದಿನ ವಾರ ಅಂದೆ.

ಏಪ್ರಿಲ್ ೧೧, ಶುಕ್ರವಾರ

ಮತ್ತೆ ಫೋನ್. ಮುಂದಿನ ವಾರ ಖಂಡಿತ ಅಂದೆ. ಅರ್ಧ ಗಂಟೆ ಕೆಲಸ ಅದು, ಅಷ್ಟೇ.

ಏಪ್ರಿಲ್ ೨೨, ಮಂಗಳವಾರ

ಮಾಮ ತಾವೇ ಬಂದರು, ಒಬ್ಬರೇ. ಟೋಕನ್ ತಗೊಂಡು ಎಲ್ಲರ ಹಾಗೆ ಸಾಲಲ್ಲಿ ಕೂತಿದ್ದರು. ನಾಚಿಕೆಯಾಯಿತು.

ಸೆಟಿಂಗ್ ಮಾಡಿ ನನ್ನ ಫೋನಿನಿಂದ ಒಂದು ಪಿಯಾನೋ ಹಾಕಿದೆ. ಕಣ್ಣು ಮುಚ್ಚಿದರು. "ಬೆರಳು ತಾಗೋದೂ ಕೇಳ್ತಿದೆಯಲ್ಲೇ..."

"ನಡೀರಿ ಮಾಮ, ಇವತ್ತು ರಜ ಹಾಕ್ತೀನಿ. ನೀಲಿದನ್ನ ಕೇಳೋಣ!"

ಕಣ್ಣು ತೆರೆದರು. "ಎಲ್ಲಾ ಕೊಟ್ಬಿಟ್ಟೆ ಸೈಕಲ್ಲು. ತಗಡು ಕೇಳೋಕೆ ಗೋಡೆ ತುಂಬ ಯಾಕೆ ಅಂತ... ಹೋದ ವಾರ ಹಳೇ ಸಾಮಾನಿನೋನು ಬಂದಿದ್ದ. ನಿಂದೂ ಅದ್ರಲ್ಲೇ ಹೋಯ್ತು."

ನೀನು ಮೊದಲೇ ಮಾಡಿಕೊಟ್ಟಿದ್ದರೆ ಅಂತ ಒಂದು ಮಾತು ಅನ್ನಬಾರದಿತ್ತೇ? ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬದಲಿಗೆ ನನ್ನ ಕೈ ತಟ್ಟಿ, "ಆ ಪಿಯಾನೋ ಇನ್ನೊಂದ್ಸಲ ಹಾಕು" ಅಂದರು.

ಏಪ್ರಿಲ್ ೨೩, ಬುಧವಾರ

ಆ ಹಳೇ ಸಾಮಾನಿನವನ ಅಂಗಡಿ ಎಲ್ಲಿ ಅಂತ ಮಾಮನ ಮಗ ಹೇಳಿದ್ದಾನೆ. ಬೆಳಗ್ಗೆಯೇ ಚೀಲ ಹಿಡಿದು ಹೊರಟಿದ್ದೆ. ಕ್ಲಿನಿಕ್ಕಿನಿಂದ ಫೋನ್, ದೂರದಿಂದ ಯಾರೋ ಮಗು ಕರ್ಕೊಂಡು ಬಂದಿದ್ದಾರೆ. ಬಂದು ಕೂತಿದ್ದೇನೆ. ಇದೊಂದು ಟೆಸ್ಟ್ ಮುಗಿಸಿ, ಇಲ್ಲಿಂದ ನೇರ ಆ ಅಂಗಡಿಗೆ —